ಹೇಳಿ ಹೋಗುವ ಬ್ಯಾಟರಿ

ಯಾರ ಮನೆಗೆ ಹೋದರೂ ನಾನು ಮೊದಲು ರೇಡಿಯೋದ ಬೆನ್ನು ಮುಟ್ಟಿ ನೋಡುತ್ತೇನೆ. ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ, ಅಂಗೈಯಲ್ಲಲ್ಲ, ಮಡಿಸಿದ ಬೆರಳುಗಳ ಹಿಂಬದಿಯಲ್ಲಿ. ಈಗ ರೇಡಿಯೋ ಇರುವ ಮನೆಗಳೇ ಕಡಿಮೆಯಾದ್ದರಿಂದ ಈ ಅಭ್ಯಾಸ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೆ, ನನಗೆ ಹಳೆಯ ರೇಡಿಯೋ ಅಂದರೆ ಪ್ರೀತಿ ಎಂದು ಹೇಳಿ ಪಾರಾಗುತ್ತೇನೆ. ಪ್ರೀತಿ ಇಲ್ಲವೆಂದಲ್ಲ. ಆದರೆ ಬರೀ ಪ್ರೀತಿ ಇದ್ದವರು ಹೊರಗೆ ಓಡುವ ಬಾಗಿಲು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದಿಲ್ಲ.

ನಾನು ಬಿ.ಎಸ್ಸಿ. ಪಾಸಾದವಳು. ಬ್ಯಾಟರಿಯ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅದಕ್ಕೆ ಪೂರ್ತಿ ಅಂಕ ಪಡೆದವಳು. ಆ ಚಿತ್ರದಲ್ಲಿ ಹೊಗೆ ಇರಲಿಲ್ಲ. ಬ್ಯಾಟರಿಯೊಳಗೆ ಶಕ್ತಿ ಇರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಅದು ಹೊರಗೆ ಬರುವುದಕ್ಕೆ ತಂತಿಯೇ ಬೇಕೆಂದು ನಾನಾಗಿ ತಿಳಿದುಕೊಂಡಿದ್ದೆ.

ರೇಡಿಯೋ ಉಪ್ಪುಂದದ ಪದ್ದತ್ತೆಯದು. ಪದ್ದತ್ತೆ ನನ್ನ ಅಪ್ಪನ ತಂಗಿ. ಕುಂದಾಪುರದಿಂದ ಬೈಂದೂರು ಬಸ್ಸು ಹತ್ತಿ, ಇಳಿದು, ಕಡಲಿನ ಕಡೆಗೆ ನಡೆದರೆ ತೆಂಗಿನಮರಗಳ ನಡುವೆ ಅವರ ಮನೆ. ಅವರ ಗಂಡ ಶೀನ ಮಾವ ಗಂಗೊಳ್ಳಿಯಿಂದ ಹೊರಡುವ ಬೋಟೊಂದರ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ಬೋಟು ನಡೆಸುವವರು. ಹೋದರೆ ಒಂದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು. ರೇಡಿಯೋವನ್ನು ಮಾವನ ಅಪ್ಪ ಬೊಂಬಾಯಿಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದಾಗ ತಂದಿದ್ದರು. ಮುಂದೆ ಮರದ ಚೌಕಟ್ಟು, ಹಿಂದೆ ದಪ್ಪ ರಟ್ಟು, ಬಲಗಡೆ ಒಂದು ಗುಂಡಿ. ಗುಂಡಿಯನ್ನು ತಿರುಗಿಸಿದರೆ ಟಕ್ ಎಂದು ಶುರು, ಇನ್ನಷ್ಟು ತಿರುಗಿಸಿದರೆ ಸದ್ದು ಜೋರು.

ಈ ರೇಡಿಯೋಕ್ಕೆ ಇಟ್ಟಿಗೆಯಷ್ಟಲ್ಲದಿದ್ದರೂ ಅರ್ಧ ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿಯೊಂದು ಬೇಕಿತ್ತು. ಮೇಲೆ ಅಂಗಿಯ ಒತ್ತುಗುಂಡಿಯಂಥ ಎರಡು ಮೂತಿ ಇರುವಂಥದ್ದು. ನಾನು ಹೈಸ್ಕೂಲಿನಲ್ಲಿದ್ದಾಗ, ತೊಂಬತ್ತೇಳರ ಸುಮಾರಿಗೆ, ಅದು ಕುಂದಾಪುರದ ಅಂಗಡಿಗಳಲ್ಲಿ ಇನ್ನೂ ಸಿಗುತ್ತಿತ್ತು. ಆಮೇಲೆ ಕೇಳಿದರೆ ತರಿಸಿಕೊಡುವ ಮಟ್ಟಕ್ಕೆ ಬಂತು. ಆಮೇಲೆ ಅಂಗಡಿಯವರು, "ಅದ್ ಈಗ ಬಪ್ದಿಲ್ಲೆ ಅಮ್ಮ, ಕಂಪೆನಿ ಮಾಡುದೇ ಬಿಟ್ಟಿತ್" ಎಂದರು. ಅತ್ತೆ, "ನಾವ್ ಕೇಂಬುದ್ ಬಿಡ್ಲಿಲ್ಲೆ ಅಲ್ದಾ" ಎಂದು ಹೇಳಿ ಬಂದರಂತೆ. ಒಂದು ವಸ್ತುವನ್ನು ಮಾಡುವವರು ನಿಲ್ಲಿಸುವುದಕ್ಕೂ ಬೇಕಾದವರು ನಿಲ್ಲಿಸುವುದಕ್ಕೂ ನಡುವೆ ಇಪ್ಪತ್ತು ಮೂವತ್ತು ವರ್ಷದ ಅಂತರ ಇರುತ್ತದೆ. ನಮ್ಮ ಮನೆಗಳ ಅಟ್ಟಗಳೆಲ್ಲ ಆ ಅಂತರದಲ್ಲೇ ತುಂಬಿರುವುದು.

ಕೆಲವು ವರ್ಷ ಅತ್ತೆ ಟಾರ್ಚಿನ ಸೆಲ್ಲುಗಳನ್ನು ಸಾಲಾಗಿ ಇಟ್ಟು, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು, ಎರಡು ವಯರು ಎಳೆದು ನಡೆಸಿದರು. ಸೆಲ್ಲು ಸೋತಾಗ ಅದಕ್ಕೆ ನಮ್ಮ ಕಡೆಯ ಚಿಕಿತ್ಸೆಯೊಂದಿದೆ. ಬಿಸಿಲಿಗೆ ಇಡುವುದು. ಕಡಲ ತಡಿಯಲ್ಲಿ ಬಿಸಿಲಿಗೆ ಇಡುವುದೆಂದರೆ ಒಣಮೀನಿನ ಚಾಪೆಯ ಮೇಲೇ ಇಡುವುದು, ಯಾಕೆಂದರೆ ಕಾಗೆ ಓಡಿಸಲು ಅಲ್ಲಿ ಹೇಗೂ ಒಬ್ಬರು ಕೂತಿರುತ್ತಾರೆ. ಅತ್ತೆಯ ಅಂಗಳದಲ್ಲಿ ಬಂಗುಡೆ, ಬಂಗುಡೆ, ಬಂಗುಡೆ, ನಡುವೆ ಆರು ಸೆಲ್ಲು, ಮತ್ತೆ ಬಂಗುಡೆ. ಸಂಜೆಗೆ ಎರಡನ್ನೂ ಒಂದೇ ಬುಟ್ಟಿಗೆ ತುಂಬಿ ಒಳಗೆ ತರುವುದು. ಬಿಸಿಲು ಕಂಡ ಸೆಲ್ಲು ಇನ್ನೂ ಒಂದು ದಿನ ಮಾತಾಡುತ್ತಿತ್ತು. ಇದಕ್ಕೆ ಏನಾದರೂ ವೈಜ್ಞಾನಿಕ ಕಾರಣ ಇರಬೇಕು. ಬಿ.ಎಸ್ಸಿ.ಯಲ್ಲಿ ಕೇಳಿರಲಿಲ್ಲ.

ಇಷ್ಟೆಲ್ಲ ಕಷ್ಟಪಡುವ ಬದಲು ಹೊಸ ರೇಡಿಯೋ ಕೊಳ್ಳಬಹುದಿತ್ತಲ್ಲ, ಅಥವಾ ಕರೆಂಟಿಗೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಹೊಸತಕ್ಕೆ "ಮಾವಯ್ಯ ತಂದದ್ದ್" ಎಂಬ ಒಂದೇ ಉತ್ತರ. ಕರೆಂಟಿಗೆ ಉತ್ತರ ಬೇರೆ. "ಕರೆಂಟ್ ಬಾಯ್ಗ್ ಬಂದಾಂಗ್ ಹೋತ್ತ್. ಅದ್ ಹೋದ್ ಕೂಡ್ಲೆ ಇದೂ ಬಂದ್ ಆದ್ರೆ?"

ಬಂದ್ ಆದರೆ ಏನು ಎಂಬಲ್ಲಿಗೆ ಬರೋಣ.

ನಮ್ಮಲ್ಲಿ ದೀಪ ಆರಿಸು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೀಪ ಸಣ್ಣ ಮಾಡು, ದೊಡ್ಡ ಮಾಡು, ಶಾಂತ ಮಾಡು, ಏನೋ ಒಂದು ಸುತ್ತುಬಳಸಿನ ಮಾತು. ವಿದ್ಯುತ್ ದೀಪಕ್ಕೆ ಆ ಮರ್ಯಾದೆ ಸಿಗಲಿಲ್ಲ, ಅದನ್ನು ಸಲೀಸಾಗಿ ಆಫ್ ಮಾಡುತ್ತೇವೆ. ಪದ್ದತ್ತೆಯ ಮನೆಯಲ್ಲಿ ಆ ಮರ್ಯಾದೆ ರೇಡಿಯೋಕ್ಕೆ ಸಂದಿತ್ತು. ಬೇರೆ ಮನೆಗಳಲ್ಲಿ ಹೀಗಿದೆಯೋ ನನಗೆ ತಿಳಿಯದು, ಅವರದ್ದೇ ಕ್ರಮ ಇರಬೇಕು. ಮಾವ ಕಡಲಿಗೆ ಹೊರಡುವಾಗ ಅತ್ತೆ ರೇಡಿಯೋ ಹಾಕುತ್ತಾರೆ. ಅವರು ಬರುವ ತನಕ ಅದು ನಿಲ್ಲಬಾರದು. ಸದ್ದು ಕಿವಿಗೆ ಕೇಳದಷ್ಟು ಸಣ್ಣ ಮಾಡಬಹುದು. ನಿಲಯ ಮುಚ್ಚಿದ ಮೇಲೆ ಅದು ಬರೀ ಸುಯ್ ಎನ್ನುತ್ತ ಕೂತಿರಬಹುದು. ಆದರೆ ಟಕ್ ಅನ್ನಿಸಬಾರದು. ಆ ಟಕ್ ಮಾವನದ್ದು. ಅವರು ಬಂದು, ಕಾಲು ತೊಳೆದು, ಜಗಲಿಗೆ ಹತ್ತಿ, ತಮ್ಮ ಕೈಯಿಂದಲೇ ಗುಂಡಿ ತಿರುಗಿಸುತ್ತಾರೆ. ಅಡುಗೆಮನೆಯಲ್ಲಿದ್ದ ಅತ್ತೆ ಆ ಸದ್ದಿಗೆ ಚಾ ನೀರು ಇಡುತ್ತಾರೆ. ಬಂದ್ರಾ, ಹೇಗಿತ್ತು, ಗಾಳಿ ಜೋರಿತ್ತಾ ಎಂಬ ಪ್ರಶ್ನೋತ್ತರವೆಲ್ಲ ಆ ಟಕ್‌ನಲ್ಲೇ ಮುಗಿಯುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರು ಮಾತಾಡಿದ್ದಕ್ಕಿಂತ ಹೆಚ್ಚು ಆ ಗುಂಡಿ ಮಾತಾಡಿದೆ ಎಂದು ನನ್ನ ಅಂದಾಜು.

ಸೆಲ್ಲು ಬದಲಿಸುವಾಗ ಒಂದು ಗಳಿಗೆ ರೇಡಿಯೋ ನಿಲ್ಲಲೇಬೇಕಲ್ಲ. ಅಷ್ಟು ಹೊತ್ತು ಅತ್ತೆ ಉಸಿರು ಹಿಡಿದುಕೊಳ್ಳುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಯರು ಸರಿಯಾಗಿ ಸಿಗದೆ ತಡವಾದರೆ ಮುಖ ಕೆಂಪಾಗುತ್ತಿತ್ತು.

ಈ ಕಥೆಗೆ ಸುಧಾಕರ ಬಾವ ಬರುವುದು ಇಲ್ಲಿ. ಬಾವ ಅತ್ತೆಯ ಅಳಿಯ, ಮಗಳ ಗಂಡ. ಪಾಲಿಟೆಕ್ನಿಕ್ಕಿನಲ್ಲಿ ಓದಿ ಬ್ರಹ್ಮಾವರದಲ್ಲಿ ಟಿ.ವಿ., ಯು.ಪಿ.ಎಸ್. ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಒಳ್ಳೆಯ ಕೆಲಸಗಾರ, ಅದು ಅವರಿಗೂ ಗೊತ್ತಿದೆ, ನಮಗೂ ಅವರೇ ತಿಳಿಸಿದ್ದಾರೆ. ಅತ್ತೆಯ ಸೆಲ್ಲುಗಳ ಸಾಲು ಕಂಡು ಅವರಿಗೆ ಅವಮಾನವಾಯಿತು. ಸತ್ತ ಲ್ಯಾಪ್‌ಟಾಪ್ ಬ್ಯಾಟರಿಯೊಂದನ್ನು ಬಿಚ್ಚಿ, ಅದರೊಳಗಿನ ಜೀವವಿದ್ದ ಎರಡು ನೀಲಿ ಸೆಲ್ಲು ಆಯ್ದು, ಹಳೆಯ ಬ್ಯಾಟರಿಯ ಮೂತಿಯನ್ನು ಕಿತ್ತು ಇದಕ್ಕೆ ಬೆಸುಗೆ ಹಾಕಿ, ರೇಡಿಯೋದ ಗೂಡಿನೊಳಗೆ ಸರಿಯಾಗಿ ಕೂರುವಂತೆ ಮಾಡಿಕೊಟ್ಟರು. ಜೊತೆಗೊಂದು ಚಾರ್ಜರು. ಇದು ನಡೆದದ್ದು ಎಲ್ಲರ ಕೈಗೂ ಮೊಬೈಲು ಬಂದು ಒಂದೆರಡು ವರ್ಷ ಆದಮೇಲೆ.

ಲಿಥಿಯಂ ಸೆಲ್ಲಿನ ಸ್ವಭಾವ ಸ್ವಲ್ಪ ಹೇಳಬೇಕು. ಅದನ್ನು ಪೂರ್ತಿ ಖಾಲಿ ಮಾಡಬಾರದು. ಒಂದು ಮಟ್ಟದ ಕೆಳಗೆ ಹಿಂಡಿದರೆ ಅದರ ಒಳಗು ಹಾಳಾಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಹಾಳಾದದ್ದಕ್ಕೆ ಮತ್ತೆ ಚಾರ್ಜು ಕೊಟ್ಟಾಗ ತನ್ನ ಅಸಮಾಧಾನವನ್ನು ತೋರಿಸುತ್ತದೆ. ಆದ್ದರಿಂದ ಬಾವ ಬೆರಳಗಲದ ಒಂದು ಬೋರ್ಡು ಹಾಕಿದ್ದರು. ಸೆಲ್ಲು ಆ ಮಟ್ಟಕ್ಕೆ ಇಳಿದ ಕೂಡಲೇ ಅದು ಸಂಪರ್ಕ ಕಡಿಯುತ್ತದೆ. ಬಾವ ಅದಕ್ಕೆ ಕಟಾಫ್ ಎಂದರು. ಅತ್ತೆ ಅದಕ್ಕೆ ಪೋಲೀಸ ಎಂದರು.

ಟಾರ್ಚಿನ ಸೆಲ್ಲು ಸಾಯುವಾಗ ಮೊದಲೇ ತಿಳಿಯುತ್ತದೆ. ಸದ್ದು ತೆಳ್ಳಗಾಗುತ್ತದೆ, ವಾರ್ತೆ ಓದುವವರಿಗೆ ಶೀತವಾದ ಹಾಗೆ ಕೇಳುತ್ತದೆ, ಆಮೇಲೆ ಅವರು ಪಕ್ಕದ ಮನೆಯಿಂದ ಓದುತ್ತಾರೆ, ಆಮೇಲೆ ಅದರಾಚೆಯ ಮನೆಯಿಂದ. ಅತ್ತೆಗೆ ಹೊಸ ಸೆಲ್ಲು ತರಿಸಲು ಒಂದು ದಿನದ ಪುರಸೊತ್ತು ಸಿಗುತ್ತದೆ. ಲಿಥಿಯಂ ಹಾಗಲ್ಲ. ಕೊನೆಯ ತನಕ ಗಟ್ಟಿದನಿ. ಆಮೇಲೆ ಬೋರ್ಡು ಕಡಿಯುತ್ತದೆ. ನಡುವೆ ಏನೂ ಇಲ್ಲ.

ಮಾವ ಹೋಗಿ ನಾಲ್ಕೈದು ದಿನವಾಗಿತ್ತು. ಮಳೆ ಪೂರ್ತಿ ಬಿಟ್ಟಿರಲಿಲ್ಲ, ಮೋಡ ಕಟ್ಟಿತ್ತು. ಅತ್ತೆ ಬಾಗಿಲ ಹತ್ತಿರ ನಿಂತು ಹವಾಮಾನ ಕೇಳುತ್ತಿದ್ದರು. ರೇಡಿಯೋ ಸ್ಪಷ್ಟವಾದ, ಗಟ್ಟಿಯಾದ ದನಿಯಲ್ಲಿ, "ಕರಾವಳಿಯ ಮೀನುಗಾರರಿಗೆ ಮುಂದಿನ ಇಪ್ಪತ್ತನಾಲ್ಕು ಗಂಟೆಗಳ ಕಾಲ" ಎಂದಿತು. ಅಷ್ಟೇ ಎಂದಿತು.

ಮುಂದಿನ ಇಪ್ಪತ್ತನಾಲ್ಕು ಗಂಟೆಗಳ ಕಾಲ ಅತ್ತೆ ಹೇಗಿದ್ದರೆಂದು ನನಗೆ ಅವರ ಮಗಳಿಂದ ಗೊತ್ತಾಯಿತು. ಊಟ ಮಾಡಲಿಲ್ಲ. ಕಡಲ ದಂಡೆಗೆ ಹೋಗಿ ಬಂದರು, ಮತ್ತೆ ಹೋದರು. ಮೀನುಗಾರರಿಗೆ ಆ ದಿನ ಎಚ್ಚರಿಕೆ ಏನೂ ಇರಲಿಲ್ಲ ಎಂದು ಎದುರುಮನೆಯವರು ಹೇಳಿದರೂ ಕೇಳಲಿಲ್ಲ. ಮಾವ ಹೊತ್ತಿಗೆ ಸರಿಯಾಗಿ ಬಂದರು. ನಿಂತುಹೋದ ರೇಡಿಯೋದ ಗುಂಡಿ ತಿರುಗಿಸಿ ಟಕ್ ಅನ್ನಿಸಿದರು. ಆದರೆ ಅತ್ತೆಗೆ ಪೋಲೀಸನ ಮೇಲೆ ಕೋಪ ಇಳಿಯಲಿಲ್ಲ. ಬಾವನಿಗೆ ಫೋನು ಮಾಡಿದರು.

"ಹ್ವಾಯ್, ಆ ಪೋಲೀಸನ್ನ ತೆಗಿನಿ."

"ಅತ್ತೆ, ಅದ್ ಇಪ್ದ್ ಬ್ಯಾಟ್ರಿ ಕಾಯುಕೆ."

"ಬ್ಯಾಟ್ರಿ ಕಾಯುಕ್ ಅದ್ ಇತ್ತ್. ಇವ್ರನ್ ಕಾಯುಕ್ ಯಾರಿದ್ರ್?"

ಬಾವ ಒಪ್ಪಲಿಲ್ಲ. ತೆಗೆಯುವುದಿಲ್ಲ, ತೆಗೆದರೆ ಅಪಾಯ ಎಂದು ಖಡಾಖಂಡಿತ ಹೇಳಿದರು. ಅತ್ತೆ ಫೋನಿಟ್ಟು, ಎರಡು ಮನೆ ಆಚೆಗಿದ್ದ ಮೈಕ್‌ಸೆಟ್ ಗೋಪಾಲನನ್ನು ಕರೆದರು. ಗೋಪಾಲ ಮದುವೆ ಮುಂಜಿಗೆ ಮೈಕು ಕಟ್ಟುವವನು. ಅವನು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತಕ್ಕ್ ಇದೆಲ್ಲ" ಎಂದು ಈ ಕಡೆಯಿಂದ ಆ ಕಡೆಗೆ ಒಂದು ತುಂಡು ವಯರು ಬೆಸೆದ. ಪೋಲೀಸ ಅಲ್ಲೇ ಇದ್ದ, ಆದರೆ ಪಕ್ಕದಲ್ಲೇ ಓಣಿಯೊಂದು ತೆರೆದಿತ್ತು.

ಇದಾದ ಮೇಲೆ ಎಲ್ಲ ಸುಸೂತ್ರವಾಯಿತು ಎಂಬುದೇ ಇದರ ಭೀಕರ ಭಾಗ. ಬೋರ್ಡಿನ ಕಾವಲು ತಪ್ಪಿದ ಮೇಲೆ ಲಿಥಿಯಂ ಕೂಡ ಹಳೆಯ ಸೆಲ್ಲಿನಂತೆ ಕೊನೆಗೆ ದನಿ ತೆಳ್ಳಗೆ ಮಾಡಿಕೊಂಡು ಹೋಗತೊಡಗಿತು. ವಾರ್ತೆಯವರಿಗೆ ಮತ್ತೆ ಶೀತವಾಯಿತು. ಅತ್ತೆಗೆ ಸಮಾಧಾನವಾಯಿತು. ಆ ತೆಳ್ಳಗಿನ ದನಿ ಕೇಳುವ ಹೊತ್ತು ಇದೆಯಲ್ಲ, ಸೆಲ್ಲು ಒಳಗಿಂದೊಳಗೆ ಹಾಳಾಗುವ ಹೊತ್ತು ಸರಿಯಾಗಿ ಅದೇ. ಅವರಿಗೆ ನೆಮ್ಮದಿ ಕೊಟ್ಟದ್ದೂ ಅದನ್ನು ಕೊಂದದ್ದೂ ಒಂದೇ. ಬಾವನಿಗೆ ಯಾರೂ ಹೇಳಲಿಲ್ಲ. ಕೇಳಿದಾಗಲೆಲ್ಲ ಅತ್ತೆ, "ಲಾಯ್ಕ್ ಇತ್ತ್, ಈಗ ತೊಂದ್ರಿ ಇಲ್ಲೆ" ಎನ್ನುತ್ತಿದ್ದರು. ಬಾವ ತಮ್ಮ ಬೋರ್ಡಿನ ಬಗ್ಗೆ ಗಿರಾಕಿಗಳಿಗೂ ಹೇಳುತ್ತಿದ್ದರಂತೆ.

ದೀಪಾವಳಿ ಕಳೆದು, ಬಿಸಿಲು ಗಟ್ಟಿಯಾದ ಮೇಲೆ ಒಂದು ಭಾನುವಾರ ನಾನು ಉಪ್ಪುಂದಕ್ಕೆ ಹೋದೆ. ಅತ್ತೆಯನ್ನು ನೋಡಿ ಬರಬೇಕು ಎಂದು ಮನೆಯಲ್ಲಿ ಹೇಳಿ ಹೊರಟಿದ್ದೆ. ಒಣಮೀನು ತರುವುದಕ್ಕೆ ಹೋಗುವಾಗ ಹಾಗೆ ಹೇಳುವುದು ವಾಡಿಕೆ. ಕುಂದಾಪುರದಲ್ಲೇ ಬಸ್ಸು ತುಂಬಿ, ಅಲ್ಲಿಂದ ನಿಂತುಕೊಂಡೇ ಹೋಗಿ ತಲುಪುವಾಗ ಮಧ್ಯಾಹ್ನ. ಮಾವ ಕಡಲಲ್ಲಿ. ಮರುದಿನ ಬರುವವರು. ಅಂಗಳದ ಚಾಪೆಯಲ್ಲಿ ಮೀನು ಒಣಗುತ್ತಿತ್ತು. ಜಗಲಿಯಲ್ಲಿ ದುರಸ್ತಿಗೆಂದು ತಂದ ನೈಲಾನ್ ಬಲೆಯ ರಾಶಿ, ಸೊಂಟದೆತ್ತರ. ಅದಕ್ಕೆ ಒತ್ತಿಕೊಂಡು ಒಂದು ಸ್ಟೂಲು, ಸ್ಟೂಲಿನ ಮೇಲೆ ರೇಡಿಯೋ. ರೇಡಿಯೋದಿಂದ ಎರಡು ವಯರು ಹೊರಗೆ ಬಂದು ಸೈಕಲ್ ಟ್ಯೂಬಿನಲ್ಲಿ ಬಿಗಿದ ಟಾರ್ಚಿನ ಸೆಲ್ಲುಗಳಿಗೆ ಸೇರಿದ್ದವು. ಅದು ಆ ಸೆಲ್ಲುಗಳಲ್ಲಿ ಮಾತಾಡುತ್ತಿತ್ತು.

"ಬಾವ ಮಾಡ್ಕೊಟ್ಟ ಬ್ಯಾಟ್ರಿ ಎಂತಾಯ್ತ್ ಅತ್ತೆ?"

"ಎಂತ ಆಪುದ್? ನಿನ್ನೆಯಿಂದ ಪೂರ್ತಿ ಸುಸ್ತ್ ಹೆಣೆ. ಬೆಳ್ಗಿಂದ ಬಿಸ್ಲಿಗ್ ಇಟ್ಟಿದ್ದೆ. ಈಗ ಗೂಡಂಗ್ ಹಾಕಿ ಚಾರ್ಜಿಗ್ ಇಟ್ಟಿದ್ದೆ."

ಬಂಗುಡೆಯ ನಡುವೆ ನಾಲ್ಕು ಗಂಟೆ ಬಿಸಿಲು ಕಂಡ, ತಳ ಕೆರೆದು ಖಾಲಿಯಾದ ಲಿಥಿಯಂ ಸೆಲ್ಲು ರೇಡಿಯೋದ ಗೂಡಿನಲ್ಲಿ ಕೂತು ಚಾರ್ಜು ಕುಡಿಯುತ್ತಿತ್ತು. ಚಾರ್ಜರಿನ ಕೆಂಪು ದೀಪ ಉರಿಯುತ್ತಿತ್ತು. ನನಗೆ ಏನೂ ಅನ್ನಿಸಲಿಲ್ಲ ಎಂಬುದನ್ನು ದಾಖಲಿಸಬೇಕು. ಅತ್ತೆ ಚಾ ಕೊಟ್ಟರು. ಕುಡಿಯುತ್ತ ಬಲೆಯ ರಾಶಿಗೆ ಒರಗಿ ಕೂತೆ. ರೇಡಿಯೋದಲ್ಲಿ ತೆಂಗಿಗೆ ಬರುವ ನುಸಿಯ ಬಗ್ಗೆ ಯಾರೋ ತಿಳಿದವರು ಹೇಳುತ್ತಿದ್ದರು.

ಮೊದಲು ಬಂದದ್ದು ವಾಸನೆ. ಉಗುರಿನ ಬಣ್ಣ ಅಳಿಸುವ ದ್ರವದ ಹಾಗೆ, ಸ್ವಲ್ಪ ಸಿಹಿ. ಆಮೇಲೆ ಒಂದು ಸಣ್ಣ ಟಿಕ್. ಆಮೇಲೆ ಕುಕ್ಕರಿನ ಸೀಟಿ ಶುರುವಾಗುವ ಮೊದಲಿನ ಉಸ್ಸ್. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿದ್ದಾರೆ ಎಂದು ನಾನು ತಿಳಿದೆ. ರಟ್ಟಿನ ಸಂದಿಯಿಂದ ಬಿಳಿ ಹೊಗೆ ನೇರವಾಗಿ, ನಲ್ಲಿ ನೀರು ಬಿಟ್ಟ ಹಾಗೆ ಹೊರಟಿತು. ಅದರ ಹಿಂದೆಯೇ ಬೆಂಕಿ.

ಆ ಕ್ಷಣದ ವಿಚಿತ್ರವನ್ನು ಎಷ್ಟು ಸಲ ಯಾರಿಗೆ ಹೇಳಿದರೂ ನನಗೆ ತೃಪ್ತಿಯಾಗುವುದಿಲ್ಲ. ರೇಡಿಯೋದ ಹಿಂದುಗಡೆ ಹೊತ್ತಿ ಉರಿಯುತ್ತಿತ್ತು. ಮುಂದುಗಡೆ ಅದು ಒಂದಿಷ್ಟೂ ವಿಚಲಿತವಾಗದೆ, ಎಳೆ ಕಾಯಿಯ ತೊಟ್ಟಿನ ಬುಡವನ್ನು ಪರೀಕ್ಷಿಸಬೇಕು ಎಂದು ಹೇಳುತ್ತಿತ್ತು.

"ಅತ್ತೆ, ಬೆಂಕಿ!" ಎಂದು ನಾನು ಕೂಗಿದೆ. ಕೂಗಿದ್ದೇ ನನ್ನ ಕೊಡುಗೆ. ಅತ್ತೆ ಓಡಿ ಬಂದರು. ಪ್ಲಗ್ಗು ಕೀಳಲಿಲ್ಲ, ನೀರು ತರಲಿಲ್ಲ. ರೇಡಿಯೋದ ಎರಡೂ ಬದಿಗೆ ಕೈ ಹಾಕಿ ಎತ್ತಿಕೊಂಡರು. ಎತ್ತಿಕೊಂಡು ಅಂಗಳಕ್ಕೆ ಇಳಿದರು. ಚಾರ್ಜರು ಗೋಡೆಯಿಂದ ಕಿತ್ತುಕೊಂಡು ಬಾಲದ ಹಾಗೆ ಹಿಂದಿನಿಂದ ಬಂತು. ಟಾರ್ಚಿನ ಸೆಲ್ಲುಗಳ ಕಟ್ಟು ಮುಂದೆ ತೂಗಾಡುತ್ತಿತ್ತು. ಬೆಂಕಿ ಅವರ ಕೈಯ ಅಡಿಯಿಂದ ಹೊರಕ್ಕೆ ಚಾಚುತ್ತಿತ್ತು. ಬಲೆಯ ಮೇಲ್ಪದರ ಆಗಲೇ ಕರಗಿ ಗಂಟಾಗಿತ್ತು. ಇನ್ನೊಂದು ಉಸಿರಿನಷ್ಟು ಹೊತ್ತು ರೇಡಿಯೋ ಅಲ್ಲಿದ್ದರೆ ರಾಶಿ ಹೊತ್ತಿಕೊಂಡು, ಮನೆಯ ಮಾಡು ಹೊತ್ತಿಕೊಂಡು, ಒರಗಿ ಕೂತ ನಾನೂ ಸೇರಿ ಎಲ್ಲ ಮುಗಿಯುತ್ತಿತ್ತು.

"ಬಿಸಾಕಿ ಅತ್ತೆ! ಬಿಸಾಕಿ!"

"ಬಿಸಾಕುಕ್ ಆತಿಲ್ಲೆ! ಮಾತಾಡ್ತಾ ಇತ್ತ್!"

ಹೌದು, ಅದು ಮಾತಾಡುತ್ತಲೇ ಇತ್ತು. ಮಾವ ಇನ್ನೂ ಕಡಲಲ್ಲಿದ್ದರು. ಮಾತಾಡುವ ರೇಡಿಯೋವನ್ನು ಅತ್ತೆ ಎಸೆಯುವವರಲ್ಲ. ತೆಂಗಿನಮರದ ಬುಡದ ಮರಳು ಹೊಯಿಗೆಯ ತನಕ ಹೊತ್ತುಕೊಂಡು ಹೋಗಿ, ಮೊಣಕಾಲೂರಿ, ಮಲಗಿದ ಮಗುವನ್ನು ಇಳಿಸಿದ ಹಾಗೆ ಇಳಿಸಿದರು. ಕೈ ತೆಗೆದರು. ಎದ್ದು ಹಿಂದೆ ಬರುವಷ್ಟರಲ್ಲಿ ಎರಡನೆಯ ಸೆಲ್ಲು ಸಿಡಿಯಿತು. ಅದರ ತಗಡಿನ ಮುಚ್ಚಳ ಅವರು ಆಗತಾನೇ ಬಾಗಿದ್ದ ಜಾಗದ ಮೇಲಿಂದ ಹಾರಿ ಮರದ ಕಾಂಡಕ್ಕೆ ನಾಟಿತು. ಈಗಲೂ ಅಲ್ಲಿ ಗುರುತಿದೆ. ರೇಡಿಯೋ ವಾಕ್ಯದ ನಡುವೆ ನಿಂತಿತು. ತೆಂಗಿನ ನುಸಿಗೆ ಏನು ಔಷಧ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆಯ ಬೆರಳುಗಳ ತುದಿ ಬೊಬ್ಬೆ ಎದ್ದಿತ್ತು, ಸೆರಗಿನ ಅಂಚು ಸುಟ್ಟಿತ್ತು. ನಾನು ಹೊಯಿಗೆ ಎರಚಿ ಬೆಂಕಿ ಮುಚ್ಚಬೇಕೆಂದು ಹೊರಟಾಗ ಕೈ ಖಾಲಿ ಇಲ್ಲವೆಂದು ತಿಳಿಯಿತು. ಚಾ ಲೋಟ ಇನ್ನೂ ಹಿಡಿದುಕೊಂಡಿದ್ದೆ. ಒಂದು ಹನಿ ಚೆಲ್ಲಿರಲಿಲ್ಲ. ಇದನ್ನು ಸ್ಥಿತಪ್ರಜ್ಞತೆ ಎಂದು ಕರೆಯಬಹುದು ಎಂದು ನಾನು ಕೆಲವು ಕಾಲ ವಾದಿಸಿದ್ದುಂಟು.

ಆ ಮುಚ್ಚಳ ನನ್ನ ತಲೆಯೊಳಗೆ ಇನ್ನೂ ಹಾರುತ್ತಿದೆ. ಬಸ್ಸಿನಲ್ಲಿ, ಅನ್ನಕ್ಕೆ ಅಕ್ಕಿ ತೊಳೆಯುವಾಗ, ಹಲ್ಲುಜ್ಜುವಾಗ. ಒಂದೊಂದು ಸಲ ಅತ್ತೆ ಹೊಯಿಗೆಯ ತನಕ ಹೋಗದೆ ಮೆಟ್ಟಿಲಲ್ಲೇ ಇಳಿಸುತ್ತಾರೆ. ಒಂದೊಂದು ಸಲ ಸೆರಗು ಸಿಕ್ಕಿಕೊಂಡು ಏಳಲು ತಡವಾಗುತ್ತದೆ. ಒಂದೊಂದು ಸಲ ಬಾಗಿ ಸದ್ದು ಸಣ್ಣ ಮಾಡಲು ಹೋಗುತ್ತಾರೆ. ನಡೆದದ್ದು ಒಂದೇ ರೀತಿಯಾದರೂ ಮನಸ್ಸು ಮಾತ್ರ ನಡೆಯದೇ ಹೋದ ಬೇರೆ ಬೇರೆ ರೀತಿಗಳನ್ನು ತಾಳ್ಮೆಯಿಂದ ಅಭ್ಯಾಸ ಮಾಡುತ್ತದೆ. ಪರೀಕ್ಷೆಗೂ ನಾನು ಇಷ್ಟು ಓದಿರಲಿಲ್ಲ.

ಆ ರಾತ್ರಿ ನಾನು ಅಲ್ಲೇ ಉಳಿದೆ. ಅತ್ತೆ ಬೆರಳುಗಳಿಗೆ ಮುಲಾಮು ಹಚ್ಚಿಸಿಕೊಂಡು ಕೂತಿದ್ದರು. ಬೆರಳು ಉರಿಯುತ್ತದೆಯೇ ಎಂದರೆ ಇಲ್ಲ. ಹೆದರಿಕೆಯಾಯಿತೇ ಎಂದರೆ ಇಲ್ಲ. "ಅವ್ರ್ ಬಪ್ಕಿಂತ ಮುಂಚೆ ನಿಂತಿತಲ್ಲೆ" ಎಂದು ಒಂದೇ ಸಲ ಹೇಳಿದರು. ಮೊಬೈಲಿನಲ್ಲಿ ಹಾಡು ಹಾಕಿ ಇಡಲೇ ಎಂದು ಕೇಳಿದೆ. ನನ್ನನ್ನು ನೋಡಿದ ಆ ನೋಟದಲ್ಲಿ ನನ್ನ ವಿದ್ಯಾಭ್ಯಾಸದ ಒಟ್ಟು ಖರ್ಚಿನ ಬಗ್ಗೆ ಒಂದು ಅಭಿಪ್ರಾಯ ಇತ್ತು.

ಮರುದಿನ ಹೊತ್ತೇರುವ ಮೊದಲೇ ಶೀನ ಮಾವ ಬಂದರು. ಕಾಲು ತೊಳೆದು ಜಗಲಿ ಹತ್ತಿದರು. ಸ್ಟೂಲಿನ ಮೇಲೆ ಕೈ ಹೋಯಿತು. ಸ್ಟೂಲು ಖಾಲಿ. ಕೈ ಅಲ್ಲೇ ನಿಂತಿತು. ನಾನು ನಡೆದದ್ದನ್ನು ಹೇಳತೊಡಗಿದೆ, ಸ್ವಲ್ಪ ಜಾಸ್ತಿಯೇ ಹೇಳಿದೆ ಎಂದು ಕಾಣುತ್ತದೆ. ಅವರು ನಡುವೆ ಎದ್ದು ಅಂಗಳಕ್ಕೆ ಹೋದರು. ಸುಟ್ಟ ರೇಡಿಯೋದ ಮೇಲೆ ಅತ್ತೆ ಮೀನಿನ ಬುಟ್ಟಿಯೊಂದನ್ನು ಕವುಚಿ ಹಾಕಿದ್ದರು, ಕೋಳಿಮರಿಗೆ ಹಾಕಿದ ಹಾಗೆ. ಮಾವ ಬುಟ್ಟಿ ಎತ್ತಿದರು. ಹಿಂಬದಿ ಕರಕಲಾಗಿತ್ತು, ಮುಂಬದಿ ಹೇಗಿತ್ತೋ ಹಾಗೇ ಇತ್ತು. ಕುಕ್ಕುರುಗಾಲಲ್ಲಿ ಕೂತು ಗುಂಡಿ ತಿರುಗಿಸಿದರು.

ಟಕ್.

ಒಳಗೆ ಪಾತ್ರೆಯ ಸದ್ದಾಯಿತು. ಅತ್ತೆ ಚಾ ನೀರು ಇಟ್ಟಿದ್ದರು.

ಚಾ ತಂದುಕೊಟ್ಟಾಗ ಮಾವ ಅವರ ಬೆರಳು ನೋಡಿದರು. "ನಿನ್ ಬೆರಳ್ ಸುಟ್ಕಂಬುಕೆ ನಾನ್ ಕಡ್ಲಿಗ್ ಹೋಪ್ದಾ?" ಎಂದರು. ಅತ್ತೆ, "ಚಾ ತಣ್ಸ್ ಆತ್ತ್ ಹ್ವಾಯ್" ಎಂದರು. ನಾನು ಕಂಡ ಹಾಗೆ ಅವರ ನಡುವಿನ ಅತಿ ದೀರ್ಘವಾದ ಪ್ರೇಮ ಸಂಭಾಷಣೆ ಇದು.

ಸುದ್ದಿ ತಿಳಿದು ಸುಧಾಕರ ಬಾವ ಬ್ರಹ್ಮಾವರದಿಂದ ಬೈಕಿನಲ್ಲಿ ಬಂದರು. ಬೋರ್ಡಿನ ಕರಕಲಿನಲ್ಲಿ ಗೋಪಾಲನ ವಯರಿನ ತುಂಡನ್ನು ಪತ್ತೆ ಹಚ್ಚಿ, ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಅಂಗಳದಲ್ಲಿ ಬಹಳ ಹೊತ್ತು ಮಾತಾಡಿದರು. ವಿಜ್ಞಾನ ಪೂರ್ತಿ ಅವರ ಕಡೆಗಿತ್ತು. ಅತ್ತೆ ಮೀನು ಮಗುಚುತ್ತ ಕೇಳಿದರು. ಕೊನೆಗೆ, "ನಿಮ್ ಪೋಲೀಸಂದ್ ತಪ್ಪಿಲ್ಲೆ. ನಿಲ್ಸುಕ್ ಬ್ಯಾಡ ಅಂತ ನಾನ್ ಹೇಳುದಲ್ಲ. ಎಲ್ಲದೂ ಒಂದಿನ ನಿಲ್ತ್. ಅದ್ ಹೇಳ್ದೆ ನಿಂತದ್ದೇ ತಪ್ಪ್" ಎಂದರು.

ಬಾವ ಗಲ್ಲ ಕೆರೆದುಕೊಂಡು, ರೇಡಿಯೋವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋದರು.

ಸುಟ್ಟದ್ದು ಹೆಚ್ಚಾಗಿ ರಟ್ಟು ಮತ್ತು ಗೂಡು. ತಿಂಗಳೊಳಗೆ ರೇಡಿಯೋ ಹೊಸ ಬೆನ್ನಿನೊಂದಿಗೆ ಮರಳಿತು. ಈ ಸಲ ಲಿಥಿಯಂ ಇಲ್ಲ. ಕ್ಯಾಮೆರಾಕ್ಕೆ ಹಾಕುವ ರೀಚಾರ್ಜ್ ಸೆಲ್ಲುಗಳ ಸಾಲು. ಅವಕ್ಕೂ ಪೂರ್ತಿ ಖಾಲಿಯಾಗುವುದು ಒಳ್ಳೆಯದಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಬಡಪಾಯಿ ಸೆಲ್ಲು ಮೊದಲು ಬರಿದಾಗುತ್ತದೆ, ಉಳಿದವು ಸುಮ್ಮನಿರದೆ ಅದನ್ನು ಉಲ್ಟಾ ತಳ್ಳಿ ಕೆಡಿಸುತ್ತವೆ. ಕೂಡುಕುಟುಂಬ ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ. ಹಾಗಾಗಿ ಪೋಲೀಸ ಇದ್ದಾನೆ, ಆದರೆ ಅವನಿಗೆ ಬಾವ ನಡತೆ ಕಲಿಸಿದ್ದಾರೆ. ಸೆಲ್ಲು ಅಪಾಯದ ಮಟ್ಟಕ್ಕೆ ಇಳಿಯುವುದಕ್ಕೆ ಸಾಕಷ್ಟು ಮೊದಲೇ ಅವನು ಸದ್ದನ್ನು ಅರ್ಧಕ್ಕೆ ಇಳಿಸುತ್ತಾನೆ. ಒಳಗೆ ಇನ್ನೂ ಶಕ್ತಿ ಇರುತ್ತದೆ, ಆದರೆ ವಾರ್ತೆಯವರಿಗೆ ಶೀತವಾಗುತ್ತದೆ. ಅರ್ಧ ದಿನ ಹಾಗೇ ನಡೆಸಿ ಆಮೇಲೆ ಕಡಿಯುತ್ತಾನೆ. ಅಷ್ಟರಲ್ಲಿ ಅತ್ತೆ ಚಾರ್ಜಾದ ಇನ್ನೊಂದು ಕಟ್ಟನ್ನು ಪಕ್ಕದ ಗೂಡಿಗೆ ಹಾಕುತ್ತಾರೆ. ಗೂಡು ಎರಡು ಮಾಡಿದ್ದಾರೆ. ಹೊಸತನ್ನು ಕೂರಿಸಿ ಹಳೆಯದನ್ನು ತೆಗೆಯುವುದು. ನಡುವೆ ರೇಡಿಯೋ ನಿಲ್ಲುವುದಿಲ್ಲ. ಅತ್ತೆ ಈಗ ಬ್ಯಾಟರಿ ಬದಲಿಸುವಾಗ ಉಸಿರಾಡುತ್ತಾರೆ.

ಇದೆಲ್ಲ ತಮ್ಮದೇ ಯೋಚನೆ ಎಂದು ಬಾವ ಹೇಳುತ್ತಾರೆ. ಅತ್ತೆ ಹೌದೆನ್ನುತ್ತಾರೆ. ಪರೀಕ್ಷೆಗೆಂದು ಮೊದಲ ಸಲ ಸದ್ದು ತೆಳ್ಳಗಾದಾಗ ನಾನು ಅಲ್ಲಿದ್ದೆ. ಬಾವ ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆ ಕಿವಿ ಹತ್ತಿರ ತಂದು ಕೇಳಿ, "ಹಾಂ, ಈಗ ಬತ್ತೆ ಅಂದ್ಹೇಳಿ ಹೋತ್ತ್ ಕಾಣಿ" ಎಂದರು. ನಾನು ಇದನ್ನೆಲ್ಲ ಅಂಗಳದಿಂದ ನೋಡುತ್ತಿದ್ದೆ. ಸದ್ದು ಇಳಿದ ಕೂಡಲೇ ನನ್ನ ಕಾಲು ನನ್ನನ್ನು ಹೊರಗೆ ತಂದಿತ್ತು.

ಯೋಚಿಸಿದರೆ ಬಾವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮ ಕಡೆಯವರು ಯಾವುದನ್ನೂ ಒಮ್ಮೆಲೇ ಕಡಿಯುವವರಲ್ಲ. ಫೋನಿನಲ್ಲಿ ಕೇಳಿ ನೋಡಿ. "ಆಯ್ತ್, ಇಡ್ತೆ" ಎನ್ನುತ್ತಾರೆ, ಇಡುವುದಿಲ್ಲ. "ಹಾಂ ಹಾಂ, ಇಡ್ತೆ ಅಕಾ." ಇಡುವುದಿಲ್ಲ. "ಮತ್ತೆಂತ? ಎಂತ ಇಲ್ಲೆ ಅಲ್ದಾ? ಇಡ್ತೆ ಹಾಂ." ಪ್ರತಿ ಸಲಕ್ಕೂ ದನಿ ಒಂದೊಂದು ಮೆಟ್ಟಿಲು ಇಳಿಯುತ್ತದೆ, ಕೊನೆಯ "ಹಾಂ" ಬರೀ ಉಸಿರು, ಆಮೇಲೆ ನಿಲ್ಲುತ್ತದೆ. ಈ ಸರ್ಕೀಟು ನಮ್ಮೆಲ್ಲರೊಳಗೆ ಹುಟ್ಟಿದಾಗಿಂದ ಇದೆ. ಬೋರ್ಡಿಗೆ ಮಾತ್ರ ಹಾಕಿರಲಿಲ್ಲ. ಇದನ್ನು ದುಂದು ಮಾತು ಎಂದು ನಾನು ನಗುತ್ತಿದ್ದೆ. ಕಡಲಿಗೆ ಜನ ಕಳಿಸುವ ಊರಿನಲ್ಲಿ ಮಾತು ಹೀಗಲ್ಲದೆ ಇನ್ನು ಹೇಗೆ ಮುಗಿಯಬೇಕು ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಅತ್ತೆಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ಮಾವ ಈಚೆಗೆ ಕಡಲಿಗೆ ಹೋಗುವುದು ಕಡಿಮೆ ಮಾಡಿದ್ದಾರೆ, ಬಲೆ ಹೆಣೆಯುತ್ತ ಕೂತರೆ ಮನೆಯಲ್ಲಿ ನಡೆಯಲು ಜಾಗವಿಲ್ಲ ಎಂದು ದೂರುತ್ತಿದ್ದರು. "ನಿನ್ನೆ ಎಂತ ಮಾಡ್ರ್ ಗೊತ್ತಿತಾ" ಎಂದರು. ಫೋನು ಕಡಿಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಅವರ ಫೋನು ತಿರುಗಿ ಬಂದಾಗ ನಾನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಬೈಂದೂರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ.

"ಚಾರ್ಜ್ ಮುಗ್ದಿತ್ ಹೆಣೆ" ಎಂದರು. "ನೀ ಎಲ್ಲಿದ್ದೆ? ಎಂತ ಗಲಾಟಿ ಅದ್?"

"ಮನ್ಯಂಗೇ ಇದ್ದೆ" ಎಂದೆ. ಕಂಡಕ್ಟರು ನನ್ನನ್ನೇ ನೋಡುತ್ತಿದ್ದ. ಮಾವ ನಿನ್ನೆ ಮಾಡಿದ ಘನಕಾರ್ಯವನ್ನು ಅತ್ತೆ ಪೂರ್ತಿ ಹೇಳಿ ಮುಗಿಸಿದರು. ಆಮೇಲೆ ಇಡ್ತೆ ಎಂದರು, ಇಡಲಿಲ್ಲ. ಆಯ್ತ್ ಹಾಂ ಎಂದರು, ಇಡಲಿಲ್ಲ. ದನಿ ಇಳಿಯುತ್ತ ಇಳಿಯುತ್ತ ಕೊನೆಯ ಹಾಂ ಬಂದು ನಿಂತಿತು. ನಾನು ಮೆಟ್ಟಿಲಿಂದ ಕಾಲು ತೆಗೆದೆ. ಬಸ್ಸು ಹೋಯಿತು.